ಎರಡು ಚೀಲ ಉಪ್ಪು

ನನ್ನ ಮದುವೆಯ ದಿನ ಬೆಳಿಗ್ಗೆ ಅಡುಗೆಶಾಲೆಯ ಆಳುಗಳು ಬಂದು ನಮ್ಮ ಕೇರಿಯ ಬಾವಿಗೆ ಎರಡು ಚೀಲ ಉಪ್ಪು ಸುರಿದು ಹೋದರು.

ಬೀಗರು ಬಂದರು. ಉಪ್ಪಿನ ಸುದ್ದಿ ಗೊತ್ತಿಲ್ಲದ ಅವ್ವ ಬಿಸಿಲಲ್ಲಿ ನಡೆದು ಬಂದವರಿಗೆ ಬಾವಿಯ ನೀರು, ಬೆಲ್ಲ ಕೊಟ್ಟಳು. ಗಂಡಿನ ಸೋದರಮಾವ ಮೊದಲ ಗುಟುಕನ್ನು ಚಪ್ಪರದ ಕಂಬಕ್ಕೆ ಉಗುಳಿದ. ಬೇಕೆಂದೇ ಉಪ್ಪು ನೀರು ಕೊಟ್ಟು ಅವಮಾನ ಮಾಡಿದರು ಎಂದು ಎಲ್ಲರೂ ಎದ್ದರು. ಅಪ್ಪ ಬಾವಿ ತೋರಿಸುತ್ತೇನೆ ಬರ್ರಿ ಎಂದು ಅವರ ಹಿಂದೆ ಓಡಿದ. ಯಾರೂ ತಿರುಗಿ ನೋಡಲಿಲ್ಲ. ಗಂಡು ಕಟ್ಟಿಕೊಂಡ ಬಾಸಿಂಗ ಬಿಚ್ಚದೆಯೇ ಹೋದ. ನಾನು ಅರಿಶಿನದ ಮೈಯಲ್ಲಿ ಹಸೆಯ ಮೇಲೆ ಕೂತಿದ್ದೆ. ಪಕ್ಕದಲ್ಲಿ ಆರತಿಗೆ ಕಲೆಸಿಟ್ಟ ಕೆಂಪು ನೀರಿನ ತಟ್ಟೆ ಇತ್ತು, ಅದರ ಅಂಚಿಗೆ ನನ್ನ ಬೆರಳು ತಾಗಿತ್ತು. ನೀರು ಕೊತಕೊತ ಕುದಿದು ತಟ್ಟೆಯಿಂದ ಹೊರಗೆ ಚೆಲ್ಲಿತು. ಚಪ್ಪರದ ಬಾಯಲ್ಲಿ ನಿಂತಿದ್ದ ಅಡುಗೆಶಾಲೆಯ ಆಳೊಬ್ಬ ಅದನ್ನು ನೋಡಿದ. ತಲೆಯಾಡಿಸಿದ. ಅಡುಗೆಶಾಲೆಗೆ ಸುದ್ದಿ ಹೇಳಲು ಹೋದ.

ಮೂರನೆಯ ದಿನ ನನಗೆ ಗೋಡೆಯಿಂದ ಕರೆ ಬಂತು.

ನಮ್ಮೂರಲ್ಲಿ ಬೆಂಕಿ ರೊಟ್ಟಿ ಸುಡುತ್ತದೆ, ಮೆಣಸಿನಕಾಯಿ ಹುರಿಯುತ್ತದೆ, ಬೇಕಾದರೆ ಗುಡಿಸಲನ್ನೂ ಸುಡುತ್ತದೆ. ನೀರನ್ನು ಮಾತ್ರ ಕುದಿಸುವುದಿಲ್ಲ. ನೀರು ಕುದಿಯಬೇಕಾದರೆ ಒಳಗೊಳಗೆ ಕುದಿಯುತ್ತಿರುವ ಯಾರಾದರೂ ಪಾತ್ರೆ ಮುಟ್ಟಿ ಕೂರಬೇಕು. ಅತ್ತೆಯ ಒಂದು ಮಾತಿಗೆ ಒಂದು ಲೋಟ ಚಹಾ ಕುದಿಯುತ್ತದೆ. ಅಣ್ಣತಮ್ಮಂದಿರ ಜಗಳವಾದರೆ ಬಾಣಂತಿಗೆ ಒಂದು ಹಂಡೆ ನೀರು. ಮೇಲಿನ ನಾಲ್ಕು ಬೀದಿಯವರಿಗೆ ಇದೇ ದೊಡ್ಡ ಕಷ್ಟ. ಅಲ್ಲಿನ ಗಂಡಸರಿಗೆ ಯಾರೂ ಯಾವತ್ತೂ ಏನೂ ಮಾಡಿರಲಿಲ್ಲ, ಅವರು ಮುಟ್ಟಿದ ನೀರು ಸಂಜೆವರೆಗೂ ತಣ್ಣಗೇ ಇರುತ್ತಿತ್ತು. ಅವರ ಹೆಂಗಸರ ಕೈಯಲ್ಲಿ ಮಾತ್ರ ದಿನಕ್ಕೆರಡು ಸಲ ಕಾಫಿ ಕುದಿಯುತ್ತಿತ್ತು. ಯಾಕೆ ಕುದಿಯುತ್ತದೆ ಎಂದು ಗಂಡಸರು ಕೇಳುತ್ತಿರಲಿಲ್ಲ. ಕುಡಿದು ಲೋಟ ಕೆಳಗಿಡುತ್ತಿದ್ದರು. ಆದರೆ ನಾಲ್ಕು ಬೀದಿಯ ಅನ್ನ, ಬೇಳೆ, ಪಾಯಸ ಅಷ್ಟು ಸಣ್ಣ ಕುದಿಗೆ ಬೇಯುವಂಥದ್ದಲ್ಲ. ಅದಕ್ಕೆ ಅಡುಗೆಶಾಲೆ ಇತ್ತು. ಅಡುಗೆಶಾಲೆಗೆ ನಮ್ಮ ಕೇರಿ ಇತ್ತು.

ಅಡುಗೆಶಾಲೆಯ ಹಿಂದಿನ ಗೋಡೆಗೆ ಹನ್ನೆರಡು ತೂತು. ಒಂದೊಂದು ತೂತಿನಿಂದ ಒಂದೊಂದು ಕಬ್ಬಿಣದ ಸರಳು ಹೊರಗೆ ಚಾಚಿರುತ್ತದೆ. ಅದರ ಆ ತುದಿ ಒಳಗೆ ಕೊಪ್ಪರಿಗೆಯಲ್ಲಿ ಮುಳುಗಿರುತ್ತದೆ, ಈ ತುದಿ ಹೊರಗೆ ನಮ್ಮ ಕೈಯಲ್ಲಿ. ನಾವು ಒಳಗೆ ಕಾಲಿಡುವಂತಿಲ್ಲ. ನಮ್ಮ ಕಣ್ಣು ಬಿದ್ದರೆ ಅಡುಗೆ ಮೈಲಿಗೆ. ನಮ್ಮ ಕುದಿ ಮಾತ್ರ ಸರಳಿನ ಗುಂಟ ಒಳಗೆ ಹೋಗಬಹುದು. ಕಬ್ಬಿಣಕ್ಕೆ ಮೈಲಿಗೆ ಇಲ್ಲವೆಂದು ಅವರ ಪುಸ್ತಕದಲ್ಲಿ ಬರೆದಿದೆಯಂತೆ. ನಾನು ನಾಲ್ಕು ಅಕ್ಷರ ಕಲಿತವಳು, ಆ ಪುಸ್ತಕ ತೋರಿಸಿ ಎಂದು ಕೇಳಿದೆ. ಇವತ್ತಿನವರೆಗೂ ತೋರಿಸಿಲ್ಲ.

ಇನ್ನೊಂದು ಕಟ್ಟಳೆ ಇತ್ತು. ಕುದಿಯನ್ನು ಮನೆಯಲ್ಲಿ ಖರ್ಚು ಮಾಡಬಾರದು. ಕೊಡದ ನೀರಿನ ಹಾಗೆ ಅದಕ್ಕೂ ಒಂದು ಅಳತೆ ಇದೆ, ಮನೆಯಲ್ಲಿ ಚೆಲ್ಲಿದರೆ ಗೋಡೆಗೆ ಉಳಿಯುವುದಿಲ್ಲ ಎಂದು ನಮ್ಮ ಮುತ್ತಜ್ಜಿಯರ ಕಾಲದಿಂದ ಹೇಳಿಕೊಂಡು ಬಂದಿದ್ದರು. ನಾವು ನಂಬಿದ್ದೆವು. ಇಡೀ ಊರಿನ ಸಾರು ಕುದಿಸುವ ಕೇರಿಯಲ್ಲಿ ಸಾರು ಇರಲಿಲ್ಲ. ರೊಟ್ಟಿ, ಹಸಿ ಉಳ್ಳಾಗಡ್ಡಿ, ಶೇಂಗಾ ಪುಡಿ. ಗಾಳಿ ನಮ್ಮ ಕಡೆ ಬೀಸಿದ ದಿನ ಒಗ್ಗರಣೆಯ ವಾಸನೆ ಬರುತ್ತಿತ್ತು. ಆ ದಿನ ಅಪ್ಪ ಅಂಗಳದಲ್ಲಿ ಕೂತು ಒಂದು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದ.

ನನಗೆ ಸಿಕ್ಕಿದ್ದು ಹನ್ನೆರಡನೆಯ ತೂತು. ಮೊದಲು ಅದು ಹುಲಿಗಿ ಅಜ್ಜಿಯದಾಗಿತ್ತು. ಹೋದ ವರ್ಷ ಅವಳ ಕೊಪ್ಪರಿಗೆ ಉಗುರುಬೆಚ್ಚಗಾಗಿ ಅಲ್ಲಿಗೇ ನಿಂತಿತು. ಎಷ್ಟು ಬೈದರೂ ಒಂದು ಗುಳ್ಳೆ ಏಳಲಿಲ್ಲ. ಮುದುಕಿ ಆರಿದಳು ಎಂದು ಮನೆಗೆ ಕಳಿಸಿದರು. ಈಗ ದೊಡ್ಡ ಪಂಕ್ತಿ ಹತ್ತಿರವಾಗಿತ್ತು, ನಾಲ್ಕು ಬೀದಿಯವರೂ ಅವರ ನೆಂಟರೂ ಒಟ್ಟಿಗೆ ಎಲೆ ಹಾಕಿಸಿಕೊಂಡು ಕೂರುವ ದಿನ. ಹನ್ನೆರಡನೆಯ ಕೊಪ್ಪರಿಗೆಗೆ ಹೊಸ ಕುದಿ ಬೇಕಿತ್ತು. ಉಪ್ಪು ಸುರಿದದ್ದು ಅದಕ್ಕೇ. ಅದನ್ನು ಯಾರೂ ಮುಚ್ಚಿಡಲಿಲ್ಲ. ಬಾವಿ ಕೆಟ್ಟ ಮೇಲೆ ನಮ್ಮವರು ಮೂರು ದಿನ ನೀರು ಮೊಗೆದು ಹೊರಗೆ ಚೆಲ್ಲಿದರು. ನಾಲ್ಕನೆಯ ದಿನ ಅಡುಗೆಶಾಲೆಯ ಪಾರುಪತ್ಯಗಾರ ಬಂದು ಇನ್ನು ನೀರು ಚೆಲ್ಲಬಾರದೆಂದು ಬಾವಿಯ ಪಕ್ಕದ ಬೇವಿನ ಮರಕ್ಕೆ ಅಪ್ಪಣೆಯ ಕಾಗದ ಅಂಟಿಸಿದ. ಬಾವಿ ಸಿಹಿಯಾದರೆ ನಾನು ಆರುತ್ತೇನೆ, ನಾನು ಆರಿದರೆ ಪಾಯಸ ಕೆಡುತ್ತದೆ ಎಂಬುದು ಅವನ ಹೆದರಿಕೆ. ಆಮೇಲೆ ಅವ್ವ ದಿನಾ ಎರಡು ಹರದಾರಿ ಆಚೆಯ ಹಳ್ಳದಿಂದ ನೀರು ಹೊತ್ತಳು. ಅವಳ ಬಲ ಮೊಣಕಾಲು ಊದಿಕೊಂಡಿತು.

ಗೋಡೆಯ ಹತ್ತಿರ ವಿರುಪಣ್ಣ ಎಂಬ ನೆನಪಿನ ಗುಮಾಸ್ತ ಇದ್ದ. ನಮಗೆ ಆದ ಅನ್ಯಾಯವನ್ನು ದಿನಾ ಬೆಳಿಗ್ಗೆ ನಮಗೇ ನೆನಪು ಮಾಡಿಕೊಡುವುದು ಅವನ ಉದ್ಯೋಗ. ನಮ್ಮ ಕುದಿ ಆರಬಾರದಲ್ಲ. ಬಗಲಲ್ಲಿ ಕೊಡೆ ಇಟ್ಟುಕೊಂಡು, ಒಮ್ಮೆ ಕೆಮ್ಮಿ, ಮೊದಲ ತೂತಿನಿಂದ ಶುರು ಮಾಡುತ್ತಿದ್ದ. ವಯಸ್ಸಾಗಿತ್ತು, ಒಮ್ಮೊಮ್ಮೆ ಅದಲುಬದಲಾಗುತ್ತಿತ್ತು.

"ಗಾಳೆವ್ವ, ನಿನ್ನ ಗಂಡನ್ನ ಕಂಬಕ್ಕ ಕಟ್ಟಿ ಹೊಡದಿದ್ರು."

"ಅದು ನಂದಲ್ಲೋ ಯಣ್ಣ, ಆ ಕಡೀ ಮಾರಕ್ಕಂದು."

"ಹೌದಾ? ತಪ್ಪಾತವ್ವ. ನಿಂದು... ಮಗನ್ನ ಸಾಲಿಯಿಂದ ಹೊರಗ ಹಾಕಿದ್ದು."

"ಹಾಂ, ಅದು ನಂದು," ಎನ್ನುತ್ತಿದ್ದಳು ಗಾಳೆವ್ವ. ಗೋಡೆಯ ಆಚೆ ಅವಳ ಕೊಪ್ಪರಿಗೆ ಕುದಿ ಹಿಡಿಯುತ್ತಿತ್ತು.

ಮೊದಲ ದಿನ ನನ್ನ ಸರದಿ ಬಂದಾಗ ವಿರುಪಣ್ಣ ಮದುವೆ, ಉಪ್ಪು, ಬಾಸಿಂಗ ಎಂದು ಮೂರು ಮಾತು ಹೇಳುವಷ್ಟರಲ್ಲಿ ನನ್ನ ಕೊಪ್ಪರಿಗೆ ಉಕ್ಕಿತು. ಒಳಗಿನಿಂದ ಅಡುಗೆಯವರು "ಭಲೇ ಹನ್ನೆರಡು!" ಎಂದು ಕೂಗಿದರು. ನನಗೆ ಹೆಮ್ಮೆಯಾಯಿತು. ಸುಳ್ಳು ಯಾಕೆ ಹೇಳಲಿ, ಆಯಿತು. ಹತ್ತು ಹನ್ನೆರಡು ದಿನ ಆ ಹೆಮ್ಮೆಯಲ್ಲೇ ಸರಳು ಹಿಡಿದೆ. ಯಾರ ಉಪ್ಪು ನನ್ನ ಬಾಳಿಗೆ ಬಿತ್ತೋ ಅವರ ಪಾಯಸಕ್ಕೆ ನಾನೇ ಎಲ್ಲರಿಗಿಂತ ಮೊದಲು ಕುದಿಯುತ್ತಿದ್ದೆ.

ಸರಳು ಕಾದಾಗ ಕೈಗೆ ಒದ್ದೆ ಬಟ್ಟೆ ಸುತ್ತಿಕೊಳ್ಳಬೇಕು. ಅದಕ್ಕೆ ಎಲ್ಲರೂ ಒಂದೊಂದು ತಂಬಿಗೆ ಬಾವಿ ನೀರು ಒಯ್ಯುತ್ತಿದ್ದೆವು, ಆ ನೀರು ಇನ್ನು ಬೇರೆ ಯಾವುದಕ್ಕೂ ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ಹಳ್ಳದ ದಾರಿಯಲ್ಲಿ ಅವ್ವ ಕೊಡದ ಸಮೇತ ಬಿದ್ದಳು. ಎಬ್ಬಿಸಿ, ಮನೆಗೆ ತಂದು ಮಲಗಿಸಿ, ಗೋಡೆಗೆ ಬಂದೆ. ತಂಬಿಗೆ ತೊಡೆಯ ಮೇಲಿತ್ತು, ಎಡಗೈ ಅದರ ಮೇಲೆ, ಬಲಗೈ ಸರಳಿನ ಮೇಲೆ. ವಿರುಪಣ್ಣ ಅವತ್ತು ಹೊಸದೊಂದು ತಂದಿದ್ದ.

"ಹೊನ್ನೂರಿ, ನಿನ್ನ ಗಂಡು ಬ್ಯಾರೆ ಹೆಣ್ಣು ನೋಡ್ಯಾನಂತ."

ನೋಡಲಿ ಬಿಡು, ಅನ್ನಿಸಿತು. ನನ್ನ ತಲೆಯಲ್ಲಿ ಇದ್ದದ್ದು ಅವ್ವನ ಮೊಣಕಾಲು. ಆ ಬಾವಿ. ಐದು ಮೆಟ್ಟಿಲು ಇಳಿದರೆ ಕೈಗೆ ಸಿಗುತ್ತಿದ್ದ ನೀರು. ನನ್ನ ಮೈ ಹಿಂದೆಂದೂ ಕುದಿಯದಷ್ಟು ಕುದಿಯಿತು, ಒಳಗಿನ ಅಡುಗೆಯವನು ಮಾತ್ರ "ಹನ್ನೆರಡನೇದು ಯಾಕ ತಣ್ಣಗಾತು?" ಎಂದು ಕಿರುಚಿದ. ನೋಡಿದರೆ ತೊಡೆಯ ಮೇಲಿನ ತಂಬಿಗೆ ಉಕ್ಕುತ್ತಿದೆ. ಸೀರೆ ನೆನೆದು ತೊಡೆ ಸುಟ್ಟಿತು. ಕೈ ತೆಗೆಯಲಿಲ್ಲ. ನೀರೆಲ್ಲ ಆವಿಯಾಗಿ ಹೋಯಿತು, ತಂಬಿಗೆಯ ತಳದಲ್ಲಿ ಬೆಳ್ಳಗೆ ಒಂದು ಪದರ ಉಳಿಯಿತು. ಬೆರಳಲ್ಲಿ ಕೆರೆದು ನಾಲಗೆಗೆ ಇಟ್ಟೆ. ನನ್ನ ಮದುವೆಯ ಉಪ್ಪು.

ಮಧ್ಯಾಹ್ನ ಆ ತಂಬಿಗೆ ಹಿಡಿದು ಹುಲಿಗಿ ಅಜ್ಜಿಯ ಮನೆಗೆ ಹೋದೆ. ಆರಿದವಳು ಎಂದು ಅವಳನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಬಾಗಿಲು ಮುಂದೆ ಮಾಡಿಕೊಂಡಿದ್ದಳು. ತಳ್ಳಿದೆ. ಒಲೆಯಲ್ಲಿ ಬೆಂಕಿ ಇಲ್ಲ. ಮುದುಕಿ ನೆಲದ ಮೇಲೆ ಕಾಲು ಚಾಚಿ ಕೂತು ಒಂದು ಮಣ್ಣಿನ ಗಡಿಗೆಯನ್ನು ಮೊಮ್ಮಗುವಿನ ಹಾಗೆ ತಬ್ಬಿಕೊಂಡಿದ್ದಾಳೆ. ಗಡಿಗೆಯಲ್ಲಿ ತೊಗರಿಬೇಳೆ ಸಾರು ಕುದಿಯುತ್ತಿದೆ.

"ಬಾಗಲಾ ಹಾಕಬೇ. ವಾಸನಿ ಹೋಗ್ತತಿ," ಅಂದಳು.

"ಅಜ್ಜೀ! ನೀ ಆರಿದೀ ಅಂದ್ರಲ್ಲ?"

"ಯಾರಂದ್ರು? ಅವರಂದ್ರು. ನಾ ಆರಿಲ್ಲ ಮಗಳ, ಬಿಗಿ ಹಿಡದೆ. ನನ್ನ ಕುದಿ ನಾ ಎಲ್ಲಿ ಕಳಸ್ತೀನೋ ಅಲ್ಲಿ ಹೋಗ್ತತಿ. ಮೂವತ್ತು ವರ್ಸ ಸರಳು ಹಿಡದ ಮ್ಯಾಲೆ ತಿಳೀತು. ತಡ ಆತು."

ಬಟ್ಟಲಿಗೆ ಸಾರು ಹೊಯ್ದು ಮುಂದಿಟ್ಟಳು. ನನ್ನ ಜೀವಮಾನದಲ್ಲಿ ನಮ್ಮ ಕೇರಿಯಲ್ಲಿ ಕುಡಿದ ಮೊದಲ ಬಿಸಿ ಸಾರು. ಗಂಟಲಿನಿಂದ ಹೊಟ್ಟೆಯವರೆಗೆ ಅದು ಇಳಿದ ದಾರಿ ಗೊತ್ತಾಯಿತು. ಕುಡಿದು ಮುಗಿಸಿ ಬಟ್ಟಲು ನೆಕ್ಕಿದೆ. ಆಮೇಲೆ ಸಿಟ್ಟು ಬಂತು.

"ನೀ ಬಿಟ್ಟೀ ಅಂತಲೇ ನನ್ನ ಮದುವಿಗೆ ಉಪ್ಪು ಹಾಕಿದ್ರು."

"ಹೌದು," ಎಂದಳು ಅಜ್ಜಿ. ತಲೆ ತಗ್ಗಿಸಲಿಲ್ಲ. "ಆ ದಿನದಿಂದ ಈ ಸಾರು ನನಗ ಇಳೀವಲ್ದು. ಕುದಿಸ್ತೀನಿ, ನೋಡ್ತೀನಿ, ಚೆಲ್ತೀನಿ. ಒಬ್ಬಾಕಿ ಬಿಟ್ರ ಇನ್ನೊಬ್ಬಾಕೀನ ಕುದಸ್ತಾರ, ಅದು ನನಗ ಮೊದಲ ತಿಳೀಲಿಲ್ಲ. ಬಿಟ್ರ ಹನ್ನೆರಡೂ ಮಂದಿ ಒಂದ ದಿನ ಬಿಡಬೇಕು."

ನಾನು ಉಪ್ಪು ಕಟ್ಟಿದ ತಂಬಿಗೆಯನ್ನು ಅವಳ ಮುಂದೆ ತಲೆಕೆಳಗಾಗಿ ಬಡಿದೆ. ಬಿಳಿ ಹಕ್ಕಳೆ ಉದುರಿತು. ಅಜ್ಜಿ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಬೊಚ್ಚು ಬಾಯಿ ತೆರೆದು ನಕ್ಕಳು. "ಬಾವಿ ಭಾಳ ದೊಡ್ಡದೈತೆಬೇ," ಅಂದಳು. "ನಾನೂ ಬರ್ತೀನಿ."

ಉಳಿದ ಹನ್ನೊಂದು ಮಂದಿಯನ್ನು ಒಪ್ಪಿಸಲು ಹದಿನೈದು ದಿನ ಹಿಡಿಯಿತು. ಹಳ್ಳದ ದಾರಿಯಲ್ಲಿ, ಕೊಡ ಹೊತ್ತು ನಡೆಯುತ್ತ ಒಬ್ಬೊಬ್ಬರಿಗೆ ಹೇಳಿದೆ. ಮಾರಕ್ಕ ತಕ್ಷಣ ಹೂಂ ಅಂದಳು. ಗಾಳೆವ್ವ ಮಾತ್ರ ಹೆದರಿದಳು. "ಪಂಕ್ತಿ ಕೆಟ್ರ ಊರು ಬಿಡಸ್ತಾರಬೇ. ಬಾವಿ ಮುಟ್ಟಬಾರದು ಅಂತ ಅಪ್ಪಣಿ ಐತಿ." ಅವಳ ಕೈ ಹಿಡಿದು ಬೇವಿನ ಮರದ ಹತ್ತಿರ ಕರೆದುಕೊಂಡು ಹೋದೆ. ಕಾಗದ ಬಿಸಿಲಿಗೆ ಹಳದಿಯಾಗಿತ್ತು, ಅಕ್ಷರ ಗಟ್ಟಿಯಾಗಿದ್ದವು. ಓದಿದೆ: ಕೇರಿಯ ಬಾವಿಯ ನೀರನ್ನು ಸರಳಿನ ಕೆಲಸದ ತಂಬಿಗೆಗಲ್ಲದೆ ಯಾರೂ ಮೊಗೆಯತಕ್ಕದ್ದಲ್ಲ, ಹೊತ್ತು ಹೊರಗೆ ಚೆಲ್ಲತಕ್ಕದ್ದಲ್ಲ, ಬಾವಿಯನ್ನು ತೋಡತಕ್ಕದ್ದಲ್ಲ.

"ಕುದಸಬಾರದು ಅಂತ ಬರದಿಲ್ಲನು?"

"ಇಲ್ಲ."

"ಸರಿ ನೋಡು. ಸಣ್ಣ ಅಕ್ಷರದಾಗ ಇರ್ತತಿ."

"ಇಲ್ಲಬೇ ಗಾಳೆವ್ವ."

"ಇನ್ನೊಮ್ಮೆ ಓದು."

ಮೂರು ಸಲ ಓದಿಸಿಕೊಂಡಳು. ಮೂರನೆಯ ಸಲ ತಾನೂ ಬೆರಳಿಟ್ಟುಕೊಂಡು ಸಾಲಿನ ಮೇಲೆ ನಡೆಸಿದಳು, ಅಕ್ಷರ ಗೊತ್ತಿದ್ದವಳ ಹಾಗೆ. ಕೊನೆಗೆ, "ಬರಿಯೂದು ಮರತಾರ," ಅಂದಳು. "ನಾವು ನಮ್ಮ ಸಲುವಾಗಿ ಕುದೀತೀವಿ ಅಂತ ಅವರಿಗೆ ಅನಸೇ ಇಲ್ಲ ನೋಡು." ಆಮೇಲೆ ಅವಳಷ್ಟು ಗಟ್ಟಿಯಾಗಿ ಯಾರೂ ನಿಲ್ಲಲಿಲ್ಲ.

ದೊಡ್ಡ ಪಂಕ್ತಿಯ ದಿನ ಬೆಳಿಗ್ಗೆ ಎಂದಿನಂತೆ ಗೋಡೆಗೆ ಹೋದೆವು. ಒಳಗೆ ಹನ್ನೆರಡು ಕೊಪ್ಪರಿಗೆಗಳಿಗೆ ನೀರು ತುಂಬಿ, ಅಕ್ಕಿ ಬೇಳೆ ಸುರಿಯುತ್ತಿದ್ದ ಸದ್ದು ಕೇಳುತ್ತಿತ್ತು. ವಿರುಪಣ್ಣ ಕೊಡೆ ಮಡಚಿ ಕೆಮ್ಮಿದ. ಗಾಳೆವ್ವ ಎದ್ದು ನಿಂತು, ಕಾಲು ಗೋಡೆಗೆ ಆನಿಸಿ, ತನ್ನ ಸರಳನ್ನು ಜಗ್ಗಿದಳು. ಅದು ಕಿರ್ರೆಂದು ಹೊರಗೆ ಬಂತು. ನಾನು ಜಗ್ಗಿದೆ. ಮಾರಕ್ಕ ಜಗ್ಗಿದಳು. ಹನ್ನೆರಡೂ ಬಂದವು. ಗೋಡೆಯಲ್ಲಿ ಬರೀ ತೂತು ಉಳಿದವು, ಅವುಗಳೊಳಗಿನಿಂದ ಅಡುಗೆಯವರ ಕಣ್ಣುಗಳು ಹೊರಗೆ ನೋಡಿದವು.

"ಎಲ್ಲಿಗೆ ಒಯ್ತೀರಬೇ?" ಎಂದು ವಿರುಪಣ್ಣ ಕೇಳಿದ.

"ಬಾ, ನೋಡೀಯಂತೆ," ಅಂದಳು ಗಾಳೆವ್ವ. "ದಿನಾ ನಮ್ಮ ನೋವು ಹೇಳ್ತೀಯಲ್ಲ, ಇವತ್ತು ನಾವು ಹೇಳ್ತೀವಿ ಕೇಳು."

ಸರಳುಗಳನ್ನು ಹೆಗಲಿಗೆ ಹಾಕಿಕೊಂಡು ಮೇಲಿನ ಬೀದಿಯ ನಡುವೆಯೇ ನಡೆದೆವು. ಹಿಂದೆ ಯಾವತ್ತೂ ಆ ಬೀದಿಯಲ್ಲಿ ನಡೆದವರಲ್ಲ. ಹೊಸ ಬಟ್ಟೆ ಉಟ್ಟ ನೆಂಟರು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು. ಕೇರಿಯ ಬಾವಿಯ ಹತ್ತಿರ ಹುಲಿಗಿ ಅಜ್ಜಿ ಆಗಲೇ ಬಂದು ಮೊದಲ ಮೆಟ್ಟಿಲ ಮೇಲೆ ಕೂತಿದ್ದಳು. ಅವಳಿಗೆ ಸರಳು ಇರಲಿಲ್ಲ. ರೊಟ್ಟಿ ಹಂಚು ಎತ್ತುವ ಇಕ್ಕಳ ತಂದಿದ್ದಳು.

ಬಾವಿಯ ನಾಲ್ಕೂ ಕಡೆ ಮೆಟ್ಟಿಲ ಮೇಲೆ ಕೂತು ಕಬ್ಬಿಣವನ್ನು ನೀರಿಗೆ ಇಳಿಬಿಟ್ಟೆವು. ಯಾರೂ ನೆನಪು ಮಾಡಿಕೊಡಬೇಕಾಗಲಿಲ್ಲ. ಗಾಳೆವ್ವ ಶಾಲೆಯಲ್ಲಿ ತನ್ನ ಮಗನ ಬರೆಯುವ ಪಾಟಿ ಒಡೆದದ್ದನ್ನು ಹೇಳಿದಳು. ಒಡೆದವರ ಹೆಸರನ್ನೂ ಹೇಳಿದಳು, ಆ ಹೆಸರನ್ನು ವಿರುಪಣ್ಣ ಯಾವತ್ತೂ ಹೇಳಿರಲಿಲ್ಲ. ಮಾರಕ್ಕ ತನ್ನ ಗಂಡನನ್ನು ಕಟ್ಟಿದ ಕಂಬ ಯಾವ ಮನೆಯದು ಎಂದು ಹೇಳಿದಳು. ಒಬ್ಬರು ನಿಲ್ಲಿಸಿದ ಕಡೆ ಇನ್ನೊಬ್ಬರು ಎತ್ತಿಕೊಂಡರು. ನೀರು ಮೊದಲು ನಡುಗಿತು. ಆಮೇಲೆ ತಳದಿಂದ ಒಂದು ಗುಳ್ಳೆ ಬಂತು, ಕುಂಬಳಕಾಯಿಯಷ್ಟು ದೊಡ್ಡದು. ಆಮೇಲೆ ಬಾವಿ ಕುದಿಯಿತು. ಕೇರಿಯ ಮಕ್ಕಳು ಕಿರುಚಿ ಹಿಂದಕ್ಕೆ ಓಡಿದರು, ಮತ್ತೆ ಮುಂದಕ್ಕೆ ಬಂದರು. ಆವಿ ಬೇವಿನ ಮರ ದಾಟಿ, ಅಡುಗೆಶಾಲೆಯ ಹೊಗೆಗೂಡು ದಾಟಿ ಮೇಲೆ ನಿಂತಿತು. ಮರದ ಮೇಲಿನ ಅಪ್ಪಣೆಯ ಕಾಗದ ಆವಿಗೆ ನೆನೆದು, ಅಂಟು ಬಿಟ್ಟು, ಸದ್ದಿಲ್ಲದೆ ಕೆಳಗೆ ಬಿತ್ತು.

ನೀರು ಒಂದು ಮೆಟ್ಟಿಲು ಇಳಿಯಿತು, ನಾವೂ ಒಂದು ಮೆಟ್ಟಿಲು ಇಳಿದೆವು. ಬಿಟ್ಟು ಬಂದ ಕಲ್ಲಿನ ಮೇಲೆಲ್ಲ ಉಪ್ಪು ಬೆಳ್ಳಗೆ ಕಟ್ಟಿತು. ಇನ್ನೊಂದು ಮೆಟ್ಟಿಲು. ಇನ್ನೊಂದು. ಬೆವರು ಕಣ್ಣಿಗೆ ಇಳಿದು ಯಾರ ಮುಖ ಯಾರದೆಂದು ಕಾಣಲಿಲ್ಲ. ಹುಲಿಗಿ ಅಜ್ಜಿ, ಇಕ್ಕಳ ಬಿಡು ಎಂದರೆ ಬೈದಳು. ಹೊತ್ತು ನೆತ್ತಿಗೆ ಬರುವಾಗ ಬಾವಿಯ ತಳ ಕಂಡಿತು. ನನ್ನ ಸರಳು ಬಂಡೆಗೆ ಟಣ್ ಎಂದಿತು. ಬಂಡೆಯ ಸಂದಿಯಲ್ಲಿ, ನನ್ನ ಕಾಲ ಹೆಬ್ಬೆರಳಿನ ಹತ್ತಿರ, ಒಂದು ಒರತೆ ಕಣ್ಣು ತೆರೆದು ಜಿನುಗತೊಡಗಿತು. ಗಾಳೆವ್ವ ಬೊಗಸೆ ಒಡ್ಡಿ, ಕುಡಿದು, ಎರಡೂ ಕೈ ಮೇಲೆತ್ತಿದಳು. ಮೇಲೆ ನಿಂತ ಇಡೀ ಕೇರಿ ಕೂಗು ಹಾಕಿತು. ವಿರುಪಣ್ಣ ಕೊಡೆ ನೆಲಕ್ಕೆ ಹಾಕಿ, ಬಗ್ಗಿ, ನನಗೊಂದು ಬೊಗಸೆ ಕೊಡ್ರಬೇ ಎಂದ. ಕೊಟ್ಟೆವು.

ರೊಟ್ಟಿ ಮಗುಚುವ ಸಟ್ಟುಗದಿಂದ ಕಲ್ಲು ಕಲ್ಲನ್ನೂ ಕೆರೆದೆವು. ಅವತ್ತು ಉಪ್ಪು ತಂದ ಚೀಲಗಳನ್ನು ನಮ್ಮವ್ವ ಬಾಗಿಲಿಗೆ ಹಾಸಿಕೊಂಡಿದ್ದಳು, ಅಡುಗೆಶಾಲೆಯ ಮುದ್ರೆ ಇನ್ನೂ ಇತ್ತು. ಅವೇ ಚೀಲ ತುಂಬಿದವು. ಎರಡನೆಯದು ಒಂದು ಹಿಡಿ ಕಡಿಮೆ. ಅದನ್ನು ನಾನು ಸಾರಿಗೆ ಇಟ್ಟುಕೊಂಡೆ.

ಇಳಿಹೊತ್ತಿಗೆ ಅಡುಗೆಶಾಲೆಯ ಮುಂಬಾಗಿಲಿಗೆ ಹೋದೆವು. ಒಳಗೆ ಉದ್ದಕ್ಕೆ ಎಲೆ ಹಾಕಿತ್ತು. ಒಂದೊಂದು ಎಲೆಯ ಮೇಲೆ ಉಪ್ಪಿನಕಾಯಿ, ಕೋಸಂಬರಿ, ಅಷ್ಟೇ. ಜನ ಹಸಿದು ಕೂತಿದ್ದರು. ಕೊಪ್ಪರಿಗೆಗಳಲ್ಲಿ ಅಕ್ಕಿ ತಣ್ಣೀರಿನಲ್ಲಿ ಹಾಗೇ ಮುಳುಗಿತ್ತು. ಪಾರುಪತ್ಯಗಾರ ತನ್ನ ತಮ್ಮನ ಕಪಾಳಕ್ಕೆ ಹೊಡೆದು ಕೊಪ್ಪರಿಗೆ ಮುಟ್ಟಿಸಿ ನೋಡಿದ್ದನಂತೆ, ತಮ್ಮ ತಿರುಗಿಸಿ ಹೊಡೆದನಂತೆ. ಬೆಳಗಿನಿಂದ ನಡೆದ ಆ ಪ್ರಯತ್ನಕ್ಕೆ ಎರಡು ಲೋಟ ನೀರು ಬೆಚ್ಚಗಾಗಿತ್ತು.

ನಾನು ಮತ್ತು ಮಾರಕ್ಕ ಚೀಲಗಳ ಬಾಯಿ ಬಿಚ್ಚಿ ಹೊಸ್ತಿಲ ಮೇಲೆ ಸುರಿದೆವು.

ಪಾರುಪತ್ಯಗಾರ ಓಡಿ ಬಂದ. ಅವನ ಕೆನ್ನೆಯ ಮೇಲೆ ಐದು ಬೆರಳು ಇನ್ನೂ ಕೆಂಪಗಿದ್ದವು. ಉಪ್ಪು ನೋಡಿದ, ನಮ್ಮ ಹೆಗಲ ಮೇಲಿನ ಸರಳು ನೋಡಿದ. ನಾನು ಹೊಸ್ತಿಲಲ್ಲಿ ನಿಂತಿದ್ದೆ, ನನ್ನ ಕಣ್ಣು ಅವನ ಕೊಪ್ಪರಿಗೆಗಳ ಮೇಲೆ ಬಿದ್ದಿತ್ತು, ಅದನ್ನು ಹೇಳುವ ಧೈರ್ಯ ಅವನಿಗೆ ಬರಲಿಲ್ಲ.

"ವಿರುಪಣ್ಣ! ಹೇಳೋ ಇವರಿಗೆ! ನೆನಪು ಮಾಡು!" ಎಂದು ಅರಚಿದ.

ವಿರುಪಣ್ಣ ಕೆಮ್ಮಿದ. "ನಾ ಏನ್ ಹೇಳೂದ್ರೀ, ಅವರಿಗೆ ನನಗಿಂತ ಚೊಲೋ ನೆನಪೈತಿ," ಅಂದ.

ನಾನೇ ಹೇಳಿದೆ. ಎಲೆಯ ಮುಂದೆ ಕೂತ ಕಟ್ಟಕಡೆಯ ನೆಂಟನಿಗೂ ಕೇಳುವ ಹಾಗೆ ಹೇಳಿದೆ. ನನ್ನ ಮದುವೆಯ ದಿನ ಯಾರು ಬಂದರು, ಯಾರು ಕಳಿಸಿದರು, ಎಷ್ಟು ಚೀಲ, ಯಾವ ಪಾಯಸಕ್ಕೆ. ಮೈ ಕುದಿಯುತ್ತಿತ್ತು. ಕೊಪ್ಪರಿಗೆಯಲ್ಲಿ ಒಂದು ಗುಳ್ಳೆ ಏಳಲಿಲ್ಲ. ಹೆಂಗಸರ ಸಾಲಿನಲ್ಲಿ ಒಬ್ಬಳು ಎದ್ದು ನಿಂತು, ಮುಂದಿನ ಎಲೆಯನ್ನು ಮಡಚಿದಳು. ಅವಳ ಪಕ್ಕದವಳೂ ಮಡಚಿದಳು.

ಪಾರುಪತ್ಯಗಾರನ ದನಿ ಇಳಿಯಿತು. "ಆತವ್ವ, ಆಗಿದ್ದಾತು. ಬಾವಿ ನಿಮ್ಮದೇ ಇರ್ಲಿ. ಪಂಕ್ತಿ ಮರ್ಯಾದಿ ಪ್ರಶ್ನೆ ಐತಿ. ನಾಳೆಯಿಂದ ನಿಮಗೂ ಹಿತ್ತಲದಾಗ ಒಂದೊಂದು ಸೌಟು ಸಾರು ಕೊಡಸ್ತೀನಿ. ಈಗ ಹೋಗಿ ಸರಳು ಹಿಡೀರಿ. ಹೊನ್ನೂರಿ, ನೀ ಮೊದಲ ಹಿಡಿ, ಉಳದವರು ಹಿಡೀತಾರ."

ಗಾಳಿ ಆಗ ನಮ್ಮ ಕೇರಿಯ ಕಡೆಯಿಂದ ಬೀಸಿತು. ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ತಂತು. ಎಲೆಯ ಮುಂದೆ ಕೂತವರೆಲ್ಲ ತಲೆ ಎತ್ತಿದರು.

"ಹಿಡಿಯಂಗಿಲ್ರೀ," ಅಂದೆ. "ಮನ್ಯಾಗ ಅವ್ವನ ಕೈಯಾಗ ಬ್ಯಾಳಿ ಕುದ್ಯಾಕ ಇಟ್ಟು ಬಂದೀನಿ."